ಅಡ್ಡಕ್ಕೆ ಎಸೆದ ಕಲ್ಲಿನ ಲೆಕ್ಕ: ಸಮಯ ಸಿಕ್ಕರೆ ಉಳಿದದ್ದೆಲ್ಲ ಸಿಗುತ್ತದೆ

ಪ್ರಶ್ನೆ: ಸರ್, ನಾನು ಪ್ರಥಮ ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಎತ್ತರದಿಂದ ಅಡ್ಡಲಾಗಿ ಎಸೆದ ವಸ್ತುವಿನ ಸೂತ್ರಗಳು ಬಾಯಿಪಾಠ ಇವೆ, ಆದರೆ ಯಾವುದನ್ನು ಎಲ್ಲಿ ಹಾಕಬೇಕು ಅಂತ ಗೊತ್ತಾಗುವುದಿಲ್ಲ. 490 ಮೀಟರ್ ಎತ್ತರದ ಬಂಡೆಯ ಅಂಚಿನಿಂದ ಒಂದು ಕಲ್ಲನ್ನು 15 ಮೀ/ಸೆ ವೇಗದಲ್ಲಿ ಅಡ್ಡಲಾಗಿ ಎಸೆದರೆ ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆ ಅನ್ನುವ ಲೆಕ್ಕಕ್ಕೆ ನನಗೆ 8.6 ಸೆಕೆಂಡ್ ಬಂತು. ಪುಸ್ತಕದಲ್ಲಿ 10 ಇದೆ. ಜೋರಾಗಿ ಎಸೆದ ಕಲ್ಲೂ ಸುಮ್ನೆ ಕೈಬಿಟ್ಟ ಕಲ್ಲೂ ಒಟ್ಟಿಗೇ ಬೀಳುತ್ತವೆ ಅನ್ನುತ್ತಾರೆ, ನಂಬಲಿಕ್ಕೇ ಆಗುತ್ತಿಲ್ಲ. ಇನ್ನೊಂದು: ಮೆಟ್ಟಿಲ ಮೇಲಿಂದ 3 ಮೀ/ಸೆ ವೇಗದಲ್ಲಿ ಉರುಳಿದ ಚೆಂಡು ಎಷ್ಟನೇ ಮೆಟ್ಟಿಲಿಗೆ ಬೀಳುತ್ತದೆ ಅನ್ನುವ ಲೆಕ್ಕ (ಮೆಟ್ಟಿಲ ಎತ್ತರ 20 ಸೆಂ.ಮೀ, ಅಗಲ 30 ಸೆಂ.ಮೀ). ನನಗೆ 4.08 ಬಂತು, 4 ಅಂತ ಬರೆದೆ. ಕೀ ಉತ್ತರ 5. ಹೇಗೆ?

ಉತ್ತರ: ನಿಮ್ಮ 8.6 ಎಲ್ಲಿಂದ ಬಂತು ಅಂತ ಮೊದಲು ಹುಡುಕೋಣ. ನೀವು ಬರೆದಿರುವುದು ಹೀಗಿರಬೇಕು:

490 = 15 × ಸಮಯ + 4.9 × ಸಮಯ²

ಇದನ್ನು ಬಿಡಿಸಿದರೆ 8.6 ಸೆಕೆಂಡೇ ಬರುತ್ತದೆ. ಗಣಿತದಲ್ಲಿ ನೀವು ಎಲ್ಲೂ ಎಡವಿಲ್ಲ. ಆದರೆ ಈ ಸಮೀಕರಣ ಹೇಳುವ ಕತೆಯೇ ಬೇರೆ. ಯಾರೋ ಬಂಡೆಯ ಅಂಚಿನಲ್ಲಿ ನಿಂತು ಕಲ್ಲನ್ನು ನೇರ ಕೆಳಕ್ಕೆ, ಕಣಿವೆಗೆ ಗುರಿಯಿಟ್ಟು, 15 ಮೀ/ಸೆ ವೇಗದಲ್ಲಿ ಬೀಸಿದ್ದಾರೆ. ನಿಮ್ಮ ಪ್ರಶ್ನೆಯಲ್ಲಿ ಕಲ್ಲು ಹೊರಟಿದ್ದು ಅಡ್ಡಕ್ಕೆ. ಹೊರಟ ಆ ಕ್ಷಣದಲ್ಲಿ ಅದಕ್ಕೆ ಕೆಳಮುಖವಾಗಿ ವೇಗವೇ ಇಲ್ಲ, ಸೊನ್ನೆ. 15 ಅನ್ನು ಕೆಳಮುಖ ಸಮೀಕರಣದಲ್ಲಿ ಕೂರಿಸಿದ್ದೇ ತಪ್ಪಾಗಿದ್ದು. ಈ ಅಧ್ಯಾಯದ ಉತ್ತರಪತ್ರಿಕೆಗಳಲ್ಲಿ ನಾನು ಕಾಣುವ ತಪ್ಪುಗಳಲ್ಲಿ ಅತಿ ಜಾಸ್ತಿ ಇದೇ. ಪ್ರಶ್ನೆಯಲ್ಲಿ ‘ವೇಗ’ ಅಂತ ಒಂದು ಸಂಖ್ಯೆ ಕಂಡ ಕೂಡಲೇ ಕೈ ತಾನಾಗಿ ಅದನ್ನು ಮೊದಲ ಸೂತ್ರಕ್ಕೆ ತುರುಕಿಬಿಡುತ್ತದೆ.

ಹಾಗಾಗಿ ಸೂತ್ರಕ್ಕಿಂತ ಮೊದಲು ನಿಮ್ಮ ಎರಡನೇ ಅನುಮಾನವನ್ನೇ ತೆಗೆದುಕೊಳ್ಳುತ್ತೇನೆ. ಎಸೆದದ್ದೂ ಬಿಟ್ಟದ್ದೂ ಒಟ್ಟಿಗೇ ಬೀಳುತ್ತವೆ ಅನ್ನುವುದು ಮನಸ್ಸಿಗೆ ಇಳಿಯದಿದ್ದರೆ ಈ ಲೆಕ್ಕಗಳು ಯಾವಾಗಲೂ ಜಾರುತ್ತಲೇ ಇರುತ್ತವೆ.

ನನ್ನ ಮಾತು ನಂಬಬೇಡಿ, ಮನೆಯಲ್ಲೇ ನೋಡಿ. ಊಟದ ಮೇಜು, 30 ಸೆಂ.ಮೀ ಸ್ಕೇಲು, ಎರಡು ಒಂದೇ ಬಗೆಯ ನಾಣ್ಯ ಸಾಕು. ಸ್ಕೇಲನ್ನು ಮೇಜಿನ ಅಂಚಿಗೆ ಓರೆಯಾಗಿ ಮಲಗಿಸಿ. ಮೂರನೇ ಒಂದು ಭಾಗ ಅಂಚಿನಿಂದ ಹೊರಗೆ ಚಾಚಿರಲಿ. ಚಾಚಿದ ತುದಿಯ ಮೇಲೆ ಒಂದು ನಾಣ್ಯ ಇಡಿ. ಇನ್ನೊಂದನ್ನು ಮೇಜಿನ ಮೇಲೆ, ಸ್ಕೇಲಿಗೂ ಅಂಚಿಗೂ ನಡುವಿನ ಚೂಪು ಮೂಲೆಯಲ್ಲಿ ಇಡಿ. ಸ್ಕೇಲಿನ ಒಳತುದಿಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಹೊರಗೆ ಚಾಚಿದ ಭಾಗಕ್ಕೆ ಮೇಜಿನ ಮೇಲಿನ ನಾಣ್ಯದ ಕಡೆಗೆ ಪಟ್ಟಂತ ಹೊಡೆಯಿರಿ. ಸ್ಕೇಲು ತಿರುಗಿ ಮೇಜಿನ ಮೇಲಿನ ನಾಣ್ಯವನ್ನು ಅಡ್ಡಕ್ಕೆ ಚಿಮ್ಮಿಸುತ್ತದೆ. ತುದಿಯ ಮೇಲಿದ್ದ ನಾಣ್ಯದ ಕಾಲಡಿಯಿಂದ ಸ್ಕೇಲು ಜಾರಿಹೋಗಿ ಅದು ಇದ್ದಲ್ಲಿಂದಲೇ ನೇರ ಕೆಳಗೆ ಬೀಳುತ್ತದೆ.

ಕಣ್ಣಿನಿಂದ ನೋಡಲು ಹೋಗಬೇಡಿ. ಎರಡು ನಾಣ್ಯ ಎರಡು ಕಡೆ ಹೋಗುವುದರಿಂದ ಕಣ್ಣಿಗೆ ಗಲಿಬಿಲಿ ಆಗುತ್ತದೆ. ಕಿವಿ ಕೊಡಿ. ರೆಡ್ ಆಕ್ಸೈಡ್ ನೆಲವೋ ಟೈಲ್ಸೋ ಇದ್ದರೆ ಇನ್ನೂ ಒಳ್ಳೆಯದು. ‘ಟಣ್’ ಅಂತ ಒಂದೇ ಸದ್ದು ಕೇಳುತ್ತದೆ. ಈಗ ಇನ್ನೂ ಜೋರಾಗಿ ಹೊಡೆಯಿರಿ. ಚಿಮ್ಮಿದ ನಾಣ್ಯ ಸೋಫಾ ಹತ್ತಿರ ಹೋಗಿ ಬೀಳಬಹುದು, ಆದರೆ ಸದ್ದು ಆಗಲೂ ಒಂದೇ. ಎರಡು ಸದ್ದು ಬೇರೆಬೇರೆ ಕೇಳಿಸಿದರೆ ಸ್ಕೇಲು ಮೇಜಿನಿಂದ ಮೇಲೆದ್ದು ನಾಣ್ಯವನ್ನು ಸ್ವಲ್ಪ ಮೇಲಕ್ಕೋ ಕೆಳಕ್ಕೋ ತಳ್ಳಿದೆ ಅಂತ ಅರ್ಥ. ಸ್ಕೇಲು ಮಲಗಿಕೊಂಡೇ ತಿರುಗುವ ಹಾಗೆ ಮತ್ತೊಮ್ಮೆ ಮಾಡಿ.

ಯಾಕೆ ಹೀಗೆ? ನಾಣ್ಯ ಮೇಜು ಬಿಟ್ಟ ಮೇಲೆ ಅದನ್ನು ಯಾರೂ ಅಡ್ಡಕ್ಕೆ ತಳ್ಳುತ್ತಿಲ್ಲ. ಹೊಡೆತದ ಬಲ ನಾಣ್ಯದೊಳಗೆ ಕೂತು ಜೊತೆಯಲ್ಲೇ ಹೋಗುತ್ತದೆ ಅಂತ ನಮಗೆಲ್ಲ ಅನಿಸುತ್ತದೆ, ಆದರೆ ಹಾಗಿಲ್ಲ. ಸ್ಕೇಲು ತಾಗುತ್ತಿದ್ದ ಅರೆಕ್ಷಣದಲ್ಲಿ ಮಾತ್ರ ಬಲ ಇತ್ತು. ಆಮೇಲೆ ಉಳಿದದ್ದು ವೇಗ ಮಾತ್ರ. ತಡೆಯುವವರಿಲ್ಲದ್ದರಿಂದ ಆ ಅಡ್ಡವೇಗ ಇದ್ದ ಹಾಗೇ ಇರುತ್ತದೆ. ಗಾಳಿಯ ಮಾತು ಸದ್ಯಕ್ಕೆ ಬಿಡಿ, ಕೊನೆಗೆ ಬರುತ್ತೇನೆ. ಇನ್ನು ಭೂಮಿಯ ಸೆಳೆತ. ಅದು ಎಳೆಯುವುದು ಕೆಳಕ್ಕೆ ಮಾತ್ರ. ಅದು ಎರಡೂ ನಾಣ್ಯಕ್ಕೆ ಒಂದೇ ವೇಗೋತ್ಕರ್ಷ ಕೊಡುತ್ತದೆ. ಇಬ್ಬರೂ ಕೆಳಮುಖವಾಗಿ ಸೊನ್ನೆ ವೇಗದಿಂದಲೇ ಹೊರಟವರು, ಇಳಿಯಬೇಕಾದ ಎತ್ತರವೂ ಒಂದೇ. ಹಾಗಿದ್ದ ಮೇಲೆ ಹಿಂದೆ ಮುಂದೆ ಆಗುವುದಕ್ಕೆ ಕಾರಣವೇ ಇಲ್ಲ ಅಲ್ವಾ?

ಇದು ನಿಮಗೊಬ್ಬರಿಗೇ ಹುಟ್ಟಿದ ಅನುಮಾನ ಅಂತ ಬೇಜಾರು ಮಾಡಿಕೊಳ್ಳಬೇಡಿ. ಇಟಲಿಯ ಗಣಿತಜ್ಞ ಟಾರ್ಟಾಲ್ಯ 1537ರಲ್ಲಿ ಫಿರಂಗಿ ಗುಂಡಿನ ಬಗ್ಗೆ ಪುಸ್ತಕ ಬರೆದಾಗ ಗುಂಡಿನ ದಾರಿಯನ್ನು ಮೂರು ತುಂಡಾಗಿ ಚಿತ್ರಿಸಿದ್ದ: ಮೊದಲು ನೇರ ಗೆರೆ, ಆಮೇಲೆ ಒಂದು ಬಾಗು, ಕೊನೆಗೆ ಕಡಿದಾಗಿ ಕೆಳಕ್ಕೆ ಇನ್ನೊಂದು ನೇರ ಗೆರೆ. ಎಸೆತದ ಜೋರು ಇರುವ ತನಕ ಗುಂಡು ಬೀಳುವುದಿಲ್ಲ, ಜೋರು ಮುಗಿದ ಮೇಲೆ ಬೀಳುತ್ತದೆ ಅನ್ನುವ ಎಣಿಕೆ. ನಿಮ್ಮ ಮನಸ್ಸು ಹೇಳುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. ನಿಜದಲ್ಲಿ ಬೀಳುವ ಕೆಲಸ ಕೈಬಿಟ್ಟ ಕ್ಷಣದಿಂದಲೇ ಶುರುವಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಹಾಳೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಡಗಡೆ ‘ಅಡ್ಡ’, ಬಲಗಡೆ ‘ಕೆಳಗೆ’ ಅಂತ ಬರೆಯಿರಿ. ಬ್ಯಾಂಕಿನಲ್ಲಿ ಎರಡು ಖಾತೆ ಇದ್ದ ಹಾಗೆ ಅಂದುಕೊಳ್ಳಿ: ಒಂದರ ಹಣ ಇನ್ನೊಂದಕ್ಕೆ ಹೋಗುವುದಿಲ್ಲ. ಪ್ರಶ್ನೆ ಓದುತ್ತಾ ಸಿಗುವ ಒಂದೊಂದು ಸಂಖ್ಯೆಯನ್ನೂ ಅದರದರ ಖಾತೆಗೆ ಹಾಕಿ. ಎಸೆದ ವೇಗ ಎಡಕ್ಕೆ. ಎತ್ತರ ಬಲಕ್ಕೆ. ಗುರುತ್ವ ವೇಗೋತ್ಕರ್ಷ (ನಾವು ‘ಜಿ’ ಅನ್ನೋಣ, ಬೆಲೆ 9.8 ಮೀ/ಸೆ²) ಬಲಕ್ಕೆ ಮಾತ್ರ. ಬಲಗಡೆ ಮೊದಲ ಸಾಲಿನಲ್ಲಿ ‘ಆರಂಭ ವೇಗ = 0’ ಅಂತ ಕಡ್ಡಾಯವಾಗಿ ಬರೆಯಿರಿ. ಆ ಸೊನ್ನೆ ಕಣ್ಣೆದುರಿಗೇ ಇದ್ದಿದ್ದರೆ ನಿಮ್ಮ 15 ಅಲ್ಲಿಗೆ ಹೋಗುತ್ತಿರಲಿಲ್ಲ.

ಎರಡೂ ಖಾತೆಗೆ ಸೇರಿದ್ದು ಒಂದೇ ಒಂದು: ಸಮಯ. ಕಲ್ಲು ಅಡ್ಡಕ್ಕೆ ಹೋಗುತ್ತಿರುವಷ್ಟೇ ಹೊತ್ತು ಕೆಳಕ್ಕೂ ಬೀಳುತ್ತಿರುತ್ತದೆ. ಅದಕ್ಕೇ ಈ ಜಾತಿಯ ಯಾವ ಲೆಕ್ಕ ಬಂದರೂ ನಾನು ಕೇಳುವುದು ಒಂದೇ ಪ್ರಶ್ನೆ: ಸಮಯ ಯಾವ ಖಾತೆಯಿಂದ ಸಿಗುತ್ತದೆ? ಬೇಕಾಗುವ ಸೂತ್ರವೂ ಮೂರೇ:

ಕೆಳಗೆ: ಎತ್ತರ = ½ × ಜಿ × ಸಮಯ²
ಕೆಳಗೆ: ಬೀಳುವ ವೇಗ = ಜಿ × ಸಮಯ
ಅಡ್ಡ: ಅಡ್ಡದೂರ = ಅಡ್ಡವೇಗ × ಸಮಯ

ನಿಮ್ಮ ಬಂಡೆಯ ಲೆಕ್ಕ ನೋಡಿ. ಎತ್ತರ ಕೊಟ್ಟಿದ್ದಾರೆ, ಅಂದರೆ ಸಮಯ ಬಲಗಡೆಯಿಂದ ಸಿಗುತ್ತದೆ.

490 = 4.9 × ಸಮಯ²
ಸಮಯ² = 100
ಸಮಯ = 10 ಸೆಕೆಂಡ್

ಇಲ್ಲಿ 15ರ ಸುಳಿವೇ ಇಲ್ಲ ನೋಡಿ. ಅದರ ಬದಲು 150 ಕೊಟ್ಟಿದ್ದರೂ 10 ಸೆಕೆಂಡೇ. ಸಮಯ ಸಿಕ್ಕಿತು, ಈಗ ಎಡಗಡೆಗೆ ಹೋಗಿ: ಅಡ್ಡದೂರ = 15 × 10 = 150 ಮೀಟರ್. ನೆಲ ಮುಟ್ಟುವಾಗ ಬೀಳುವ ವೇಗ 9.8 × 10 = 98 ಮೀ/ಸೆ, ಅಡ್ಡವೇಗ ಮೊದಲಿನ 15 ಮೀ/ಸೆ. ಎರಡೂ ಒಂದಕ್ಕೊಂದು ಲಂಬವಾಗಿರುವುದರಿಂದ ಒಟ್ಟು ವೇಗಕ್ಕೆ ಪೈಥಾಗರಸ್: 15² + 98² = 9829, ವರ್ಗಮೂಲ ಸುಮಾರು 99 ಮೀ/ಸೆ. 98 + 15 = 113 ಅಂತ ಕೂಡಿಸಿಬಿಡುವವರೂ ಇದ್ದಾರೆ. ಬೇರೆಬೇರೆ ದಿಕ್ಕಿನ ವೇಗಗಳನ್ನು ಹಾಗೆ ಸೀದಾ ಕೂಡಿಸುವಂತಿಲ್ಲ.

ಪ್ರಶ್ನೆಯನ್ನು ತಿರುಗಿಸಿ ಕೇಳಿದರೂ ದಾರಿ ಇದೇ. ಎತ್ತರ, ಅಡ್ಡದೂರ ಕೊಟ್ಟು ‘ಎಸೆದ ವೇಗ ಎಷ್ಟು’ ಅಂದರೆ ಸಮಯ ಬಲಗಡೆಯಿಂದ, ವೇಗ ಎಡಗಡೆಯಿಂದ. ವೇಗ, ಅಡ್ಡದೂರ ಕೊಟ್ಟು ‘ಎತ್ತರ ಎಷ್ಟು’ ಅಂದರೆ ಸಮಯ ಎಡಗಡೆಯಿಂದ ಸಿಗುತ್ತದೆ (ದೂರ ಭಾಗಿಸು ವೇಗ), ಎತ್ತರ ಬಲಗಡೆಯಿಂದ. ಇದಕ್ಕೆ ಬೇರೆ ಸೂತ್ರ ಬಾಯಿಪಾಠ ಮಾಡುವ ಅಗತ್ಯ ನನಗಂತೂ ಕಾಣುವುದಿಲ್ಲ. ಗೈಡುಗಳಲ್ಲಿ ವರ್ಗಮೂಲದೊಳಗೆ ಏನೇನೋ ತುಂಬಿದ ಉದ್ದನೆಯ ಸೂತ್ರ ಕೊಟ್ಟಿರುತ್ತಾರೆ. ಪರೀಕ್ಷೆಯ ಗಡಿಬಿಡಿಯಲ್ಲಿ ಅದರಲ್ಲಿ 2 ಮೇಲಿತ್ತೋ ಕೆಳಗಿತ್ತೋ ಅಂತ ತಲೆಕೆಡಿಸಿಕೊಳ್ಳುವ ಹೊತ್ತಿಗೆ ಎರಡು ಸಾಲಿನಲ್ಲಿ ಲೆಕ್ಕವೇ ಮುಗಿದಿರುತ್ತದೆ.

ಚಿಹ್ನೆಯ ಬಗ್ಗೆ ಒಂದು ಮಾತು. ಈ ಲೆಕ್ಕಗಳಲ್ಲಿ ಎಲ್ಲವೂ ಕೆಳಕ್ಕೇ ಹೋಗುವುದರಿಂದ ಕೆಳಗಿನ ದಿಕ್ಕನ್ನೇ ಧನ ಅಂತ ಇಟ್ಟುಕೊಳ್ಳಿ. ಮೇಲಿನದನ್ನು ಧನ ಅಂತ ಹಿಡಿದರೆ ಜಿ ಜೊತೆಗೆ ಎತ್ತರಕ್ಕೂ ಋಣ ಚಿಹ್ನೆ ಹಾಕಬೇಕು. ಒಂದಕ್ಕೆ ಹಾಕಿ ಇನ್ನೊಂದನ್ನು ಮರೆತರೆ ಸಮಯ² ಋಣ ಸಂಖ್ಯೆಯಾಗಿ ಬಂದು ಕೂರುತ್ತದೆ.

ಸಂಖ್ಯೆಗಳನ್ನು ನೋಡಿಯೇ ಪ್ರಶ್ನೆ ಮಾಡಿದವರ ಮನಸ್ಸು ಓದಬಹುದು. ಎತ್ತರ 4.9, 19.6, 44.1, 78.4, 122.5 ಅಥವಾ 490 ಇದ್ದರೆ ಅವರು ಜಿ = 9.8 ಅಂತ ಇಟ್ಟುಕೊಂಡಿದ್ದಾರೆ. ಮೊದಲ ಐದಕ್ಕೆ ಸಮಯ 1, 2, 3, 4, 5 ಸೆಕೆಂಡ್, ಕೊನೆಯದಕ್ಕೆ 10. ಎತ್ತರ 5, 20, 45, 80, 125 ಇದ್ದರೆ ಜಿ = 10. ಪ್ರವೇಶ ಪರೀಕ್ಷೆಗಳ ಪ್ರಶ್ನೆಯಲ್ಲಿ ಜಿ ಬೆಲೆ ಕೊಡುವುದು ಮರೆತಿದ್ದರೆ ಇದು ಉಪಯೋಗಕ್ಕೆ ಬರುತ್ತದೆ. ವರ್ಗಮೂಲ ಅಚ್ಚುಕಟ್ಟಾಗಿ ಬಾರದಿದ್ದರೆ ಜಿ ಬದಲಿಸಿ ನೋಡಿ.

ಇನ್ನು ಕೋನ. ಇಲ್ಲಿ ಚುರುಕಾದ ಹುಡುಗರೂ ಜಾರುತ್ತಾರೆ. 19.6 ಮೀಟರ್ ಎತ್ತರದ ಕಟ್ಟಡದ ತಾರಸಿಯಿಂದ 15 ಮೀ/ಸೆ ವೇಗದಲ್ಲಿ ಚೆಂಡು ಎಸೆದಿದ್ದೀರಿ. ಸಮಯ 2 ಸೆಕೆಂಡ್, ಅಡ್ಡದೂರ 30 ಮೀಟರ್. ಚೆಂಡು ನೆಲಕ್ಕೆ ಯಾವ ಕೋನದಲ್ಲಿ ಬಡಿಯುತ್ತದೆ? ತುಂಬ ಜನ ತ್ರಿಕೋನ ಬರೆದು, ಎತ್ತರ 19.6, ಬುಡ 30, ಟ್ಯಾಂಜೆಂಟ್ 0.653, ಕೋನ 33 ಡಿಗ್ರಿ ಅಂತ ಬರೆದುಬಿಡುತ್ತಾರೆ. ಅದು ತಾರಸಿಯಿಂದ ಬಿದ್ದ ಜಾಗಕ್ಕೆ ಹಗ್ಗ ಬಿಗಿದು ಕಟ್ಟಿದರೆ ಹಗ್ಗ ನೆಲದ ಜೊತೆ ಮಾಡುವ ಕೋನ. ಚೆಂಡು ಹಗ್ಗದ ಮೇಲೆ ಜಾರಿ ಬಂದಿಲ್ಲ, ಬಾಗಿದ ದಾರಿಯಲ್ಲಿ ಬಂದಿದೆ. ಅದರ ದಿಕ್ಕನ್ನು ಹೇಳುವುದು ವೇಗಗಳು: ಬೀಳುವ ವೇಗ 19.6, ಅಡ್ಡವೇಗ 15, ಟ್ಯಾಂಜೆಂಟ್ 1.307, ಕೋನ 52.6 ಡಿಗ್ರಿ.

ಎರಡೂ ಟ್ಯಾಂಜೆಂಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1.307 ಅನ್ನುವುದು 0.653ರ ಸರಿಯಾಗಿ ಎರಡರಷ್ಟು. ಇದು ಯಾವಾಗಲೂ ಹೀಗೇ. ಸೊನ್ನೆಯಿಂದ ಹೊರಟ ವಸ್ತುವಿನ ಕೊನೆಯ ವೇಗ ಅದರ ಸರಾಸರಿ ವೇಗದ ಎರಡರಷ್ಟಿರುತ್ತದೆ, ಅಡ್ಡವೇಗ ಮಾತ್ರ ಬದಲಾಗುವುದಿಲ್ಲ. ಅದಕ್ಕೇ ಬೀಳುವ ಕೋನದ ಟ್ಯಾಂಜೆಂಟ್ = 2 × ಎತ್ತರ ÷ ಅಡ್ಡದೂರ. ಪರವಲಯದ (ಎಸೆದ ವಸ್ತು ಸಾಗುವ ಈ ಬಾಗಿದ ದಾರಿಯ ಹೆಸರು, ಇಂಗ್ಲಿಷಿನಲ್ಲಿ ಪ್ಯಾರಾಬೊಲ) ಈ ಗುಣ ನನಗೆ ತುಂಬ ಇಷ್ಟ. ಉತ್ತರ ಸರಿಯಿದೆಯೋ ಇಲ್ಲವೋ ಅಂತ ಅರ್ಧ ನಿಮಿಷದಲ್ಲಿ ನೋಡಿಕೊಳ್ಳಲೂ ಇದು ಸಾಕು.

ಎರಡೂ ಕೋನಗಳು ಒಂದೇ ಪ್ರಶ್ನೆಯಲ್ಲಿ ಬರುವುದುಂಟು. ವಿಮಾನವೊಂದು 1960 ಮೀಟರ್ ಎತ್ತರದಲ್ಲಿ ಗಂಟೆಗೆ 720 ಕಿ.ಮೀ ವೇಗದಲ್ಲಿ ನೇರ ಅಡ್ಡಕ್ಕೆ ಹಾರುತ್ತಾ ನೆರೆಯಲ್ಲಿ ಸಿಲುಕಿದವರಿಗೆ ಆಹಾರದ ಪೊಟ್ಟಣ ಬಿಡುತ್ತದೆ ಅನ್ನಿ. ಮೊದಲು 720 ಅನ್ನು 3.6ರಿಂದ ಭಾಗಿಸಿ, 200 ಮೀ/ಸೆ. ಇದನ್ನು ಮರೆತು 720 ಅನ್ನೇ ಹಾಕಿದರೆ ಮುಂದಿನದ್ದೆಲ್ಲ ವ್ಯರ್ಥ. ಪೊಟ್ಟಣವನ್ನು ಯಾರೂ ಎಸೆದಿಲ್ಲ, ಸುಮ್ನೆ ಬಿಟ್ಟಿದ್ದಾರೆ. ಆದರೂ ಅದರ ಅಡ್ಡವೇಗ 200 ಮೀ/ಸೆ, ಯಾಕೆಂದರೆ ಬಿಡುವ ಮೊದಲು ಅದು ವಿಮಾನದ ಜೊತೆಯಲ್ಲೇ ಹೋಗುತ್ತಿತ್ತು. ಸಮಯ: 1960 ÷ 4.9 = 400, ವರ್ಗಮೂಲ 20 ಸೆಕೆಂಡ್. ಅಡ್ಡದೂರ 200 × 20 = 4000 ಮೀಟರ್. ಅಂದರೆ ಗುರಿ ಇನ್ನೂ 4 ಕಿ.ಮೀ ಮುಂದಿರುವಾಗಲೇ ಬಿಡಬೇಕು.

ಬಿಡುವ ಕ್ಷಣದಲ್ಲಿ ಪೈಲಟ್‌ಗೆ ಗುರಿ ಎಷ್ಟು ಡಿಗ್ರಿ ಕೆಳಗೆ ಕಾಣುತ್ತದೆ? ಇದು ನೋಟದ ಗೆರೆ, ಹಗ್ಗದ ಕೋನ. 1960 ÷ 4000 = 0.49, ಕೋನ ಸುಮಾರು 26 ಡಿಗ್ರಿ. ಪೊಟ್ಟಣ ನೆಲಕ್ಕೆ ಬಡಿಯುವ ಕೋನ? ಟ್ಯಾಂಜೆಂಟ್ ಎರಡರಷ್ಟು, 0.98, ಸುಮಾರು 44 ಡಿಗ್ರಿ. ಪೊಟ್ಟಣ ಬಿದ್ದಾಗ ವಿಮಾನ ಎಲ್ಲಿರುತ್ತದೆ? ವೇಗ ಬದಲಿಸದೆ ಹೋಗುತ್ತಿದ್ದರೆ ಪೊಟ್ಟಣದ ನೇರ ತಲೆ ಮೇಲೆ. ಇಬ್ಬರ ಅಡ್ಡ ಖಾತೆಯೂ ಒಂದೇ ಅಲ್ವಾ. ಅದಕ್ಕೇ ವಿಮಾನದಲ್ಲಿ ಕೂತವರಿಗೆ ಪೊಟ್ಟಣ ನೇರ ಕೆಳಗೆ ಇಳಿದ ಹಾಗೆ ಕಾಣುತ್ತದೆ, ನೆಲದಲ್ಲಿ ನಿಂತವರಿಗೆ ಬಾಗಿದ ದಾರಿ ಕಾಣುತ್ತದೆ.

ಇಷ್ಟು ಹೊತ್ತು ಪುಸ್ತಕದ ಲೆಕ್ಕ ಆಯಿತು. ಒಂದು ನಿಜವಾದ ಲೆಕ್ಕ ಹೇಳುತ್ತೇನೆ, ಈ ವಿಷಯ ಹುಟ್ಟಿದ್ದೇ ಅಲ್ಲಿ. 1608ರ ಸುಮಾರಿಗೆ ಇಟಲಿಯ ಪಡುವಾದಲ್ಲಿ ಪಾಠ ಹೇಳುತ್ತಿದ್ದ ಗೆಲಿಲಿಯೋ ಒಂದು ಇಳಿಜಾರಿನ ಮೇಲೆ ಗುಂಡು ಉರುಳಿಸಿ, ಅದು ಮೇಜಿನ ಅಂಚಿನಿಂದ ಅಡ್ಡಕ್ಕೆ ಹಾರಿ ನೆಲಕ್ಕೆ ಬೀಳುವ ಹಾಗೆ ಮಾಡಿ ದೂರ ಅಳೆದ. ಅಳತೆಗಳನ್ನು ಒಂದು ಹಾಳೆಯಲ್ಲಿ ಗೀಚಿಕೊಂಡಿದ್ದ. ಆ ಹಾಳೆ ಈಗಲೂ ಫ್ಲಾರೆನ್ಸ್‌ನ ಗ್ರಂಥಾಲಯದಲ್ಲಿದೆ. ಅದರ ಮಹತ್ವ ಎಲ್ಲರಿಗೂ ಗೊತ್ತಾಗಿದ್ದು 1970ರ ದಶಕದಲ್ಲಿ, ಸ್ಟಿಲ್‌ಮನ್ ಡ್ರೇಕ್ ಅನ್ನುವ ಇತಿಹಾಸಕಾರ ಅದನ್ನು ಪ್ರಕಟಿಸಿದ ಮೇಲೆ.

ಗೆಲಿಲಿಯೋ ಬಳಸಿದ ಅಳತೆ ಪುಂತೋ, ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಮೇಜಿನ ಎತ್ತರ 828 ಪುಂತೋ, ಸುಮಾರು 78 ಸೆಂ.ಮೀ. ನಮ್ಮ ಊಟದ ಮೇಜಿನಷ್ಟೇ. ಗುಂಡನ್ನು ಇಳಿಜಾರಿನಲ್ಲಿ 300 ಪುಂತೋ ಎತ್ತರದಿಂದ ಬಿಟ್ಟಾಗ ಅದು ಮೇಜಿನಿಂದ 800 ಪುಂತೋ ದೂರ ಬಿತ್ತು. ಈಗ ನೀವೇ ಹೇಳಿ, 600 ಎತ್ತರದಿಂದ ಬಿಟ್ಟರೆ ಎಷ್ಟು ದೂರ?

ಮೇಜು ಅದೇ, ಆದ್ದರಿಂದ ಬೀಳುವ ಸಮಯವೂ ಅದೇ. ಬದಲಾಗುವುದು ಅಡ್ಡವೇಗ ಮಾತ್ರ. ಇಳಿಜಾರಿನಲ್ಲಿ ಎತ್ತರ ಎರಡರಷ್ಟಾದರೆ ವೇಗ 2ರ ವರ್ಗಮೂಲದಷ್ಟು, ಅಂದರೆ 1.414 ಪಟ್ಟು ಆಗುತ್ತದೆ. ದೂರವೂ ಅಷ್ಟೇ ಪಟ್ಟು: 800 × 1.414 = 1131. ಗೆಲಿಲಿಯೋ ಹಾಳೆಯಲ್ಲೂ ನಿರೀಕ್ಷೆ 1131 ಅಂತಲೇ ಇದೆ. ಅಳತೆಗೆ ಸಿಕ್ಕಿದ್ದು 1172. ಸಾವಿರ ಪುಂತೋ ಎತ್ತರದಿಂದ ಬಿಟ್ಟಾಗ ನಿರೀಕ್ಷೆ 1460, ಸಿಕ್ಕಿದ್ದು 1500. ವ್ಯತ್ಯಾಸ ಸುಮಾರು 4 ಸೆಂ.ಮೀ. ಕೈಯಲ್ಲಿ ಸ್ಟಾಪ್‌ವಾಚ್ ಇಲ್ಲದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಗಮನಿಸಬೇಕಾದ್ದು ಇನ್ನೊಂದಿದೆ: ಈ ಲೆಕ್ಕದಲ್ಲಿ ಜಿ ಬೆಲೆ ಎಲ್ಲೂ ಬೇಕಾಗಲಿಲ್ಲ. ‘ಎತ್ತರ ನಾಲ್ಕು ಪಟ್ಟಾದರೆ ದೂರ ಎಷ್ಟು ಪಟ್ಟು’ ಅನ್ನುವ ಪ್ರಶ್ನೆಗಳಿಗೂ ಹೀಗೇ ಅನುಪಾತದಲ್ಲೇ ಉತ್ತರ ಬರೆಯಬಹುದು. ಬೀಳುವ ಎತ್ತರ ನಾಲ್ಕು ಪಟ್ಟಾದರೆ ಸಮಯ ಎರಡು ಪಟ್ಟು, ವೇಗ ಬದಲಾಗದಿದ್ದರೆ ದೂರವೂ ಎರಡು ಪಟ್ಟು. ಮುಗಿಯಿತು.

ಒಂದು ಚಿಕ್ಕ ಅಡ್ಡಮಾತು. ಗುಂಡು ಉರುಳದೆ ಜಾರಿ ಬಂದಿದ್ದರೆ 300 ಪುಂತೋ ಎತ್ತರಕ್ಕೆ ದೂರ ಸುಮಾರು 997 ಬರಬೇಕಿತ್ತು. ಗೆಲಿಲಿಯೋಗೆ ಸಿಕ್ಕಿದ್ದು 800. ಉರುಳುವ ಗುಂಡಿನ ಶಕ್ತಿಯಲ್ಲಿ ಏಳರಲ್ಲಿ ಎರಡು ಪಾಲು ಸುತ್ತುವುದಕ್ಕೇ ಹೋಗುತ್ತದೆ. ಅದನ್ನು ಕಳೆದರೆ ನಿರೀಕ್ಷೆ 842ಕ್ಕೆ ಇಳಿಯುತ್ತದೆ, 800ಕ್ಕೆ ಸಾಕಷ್ಟು ಹತ್ತಿರ. ಉರುಳುವಿಕೆಯ ಈ ಲೆಕ್ಕ ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೆಲಿಲಿಯೋ ಈ ದಾರಿ ಪರವಲಯ ಅಂತ ಪುಸ್ತಕದಲ್ಲಿ ಸಾಧಿಸಿ ತೋರಿಸಿದ್ದು 1638ರಲ್ಲಿ, ಮುಪ್ಪಿನಲ್ಲಿ.

ನೀವೂ ಮಾಡಿ ನೋಡಬಹುದು. ಮೇಜಿನ ಎತ್ತರ 78.4 ಸೆಂ.ಮೀ ಇದ್ದರೆ ಬೀಳುವ ಸಮಯ ಸರಿಯಾಗಿ 0.4 ಸೆಕೆಂಡ್. ಅಂಚಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ. ಗೋಲಿ ಬೀಳುವ ಕಡೆ ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಪೇಪರ್ ಹರಡಿ. ಗೋಲಿ ಬಿದ್ದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಗುರುತಿನಿಂದ ಚುಕ್ಕೆಗೆ 1 ಮೀಟರ್ ಇದ್ದರೆ ಗೋಲಿ ಮೇಜು ಬಿಟ್ಟಾಗಿನ ವೇಗ 1 ÷ 0.4 = 2.5 ಮೀ/ಸೆ. ಗಡಿಯಾರವೇ ಇಲ್ಲದೆ ಟೇಪಿನಿಂದ ವೇಗ ಅಳೆದಂತಾಯಿತು.

ಗಾಳಿಯ ಮಾತು ಬಾಕಿ ಇತ್ತು. ಮೇಜಿನಿಂದ ಬೀಳುವ ಗೋಲಿಗೆ ಗಾಳಿ ಲೆಕ್ಕಕ್ಕೇ ಇಲ್ಲ. ಆದರೆ ಗಾಳಿಯ ತಡೆ ಹೆಚ್ಚುಕಡಿಮೆ ವೇಗದ ವರ್ಗದಂತೆ ಏರುತ್ತದೆ, ಆದ್ದರಿಂದ ಎತ್ತರ ಜಾಸ್ತಿಯಾದ ಹಾಗೆ ಪುಸ್ತಕದ ಉತ್ತರ ನಿಜದಿಂದ ದೂರ ಸರಿಯುತ್ತದೆ. ನಿಮ್ಮ 490 ಮೀಟರಿನ ಕಲ್ಲು 98 ಮೀ/ಸೆ ಅಂದರೆ ಗಂಟೆಗೆ 350 ಕಿ.ಮೀ ದಾಟಿದ ವೇಗ. ಮುಷ್ಟಿಗಾತ್ರದ ನಿಜವಾದ ಕಲ್ಲು ಗಾಳಿಯಲ್ಲಿ ಅಷ್ಟು ವೇಗ ಮುಟ್ಟುವುದಿಲ್ಲ. ಅದಕ್ಕೆ ಬಹಳ ಮೊದಲೇ ಗಾಳಿಯ ತಡೆ ಭೂಮಿಯ ಸೆಳೆತಕ್ಕೆ ಸರಿಸಮ ಆಗಿಬಿಡುತ್ತದೆ.

ಜೋಗವನ್ನೇ ತೆಗೆದುಕೊಳ್ಳಿ. ಎತ್ತರ 253 ಮೀಟರ್. ರಾಜನ ನೀರು ಬಂಡೆಯ ಅಂಚು ಬಿಡುವಾಗ ಅಡ್ಡವೇಗ 4 ಮೀ/ಸೆ ಅಂತ ಸುಮ್ನೆ ಇಟ್ಟುಕೊಳ್ಳೋಣ. ಸಮಯ² = 253 ÷ 4.9 = 51.6, ಸಮಯ 7.2 ಸೆಕೆಂಡ್. ನೀರು ಬಂಡೆಯ ಬುಡದಿಂದ 29 ಮೀಟರ್ ಆಚೆ, ಗಂಟೆಗೆ 250 ಕಿ.ಮೀ ವೇಗದಲ್ಲಿ ಬೀಳಬೇಕು. ಪುಸ್ತಕದ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಜೋಗಕ್ಕೆ ಹೋದವರಿಗೆ ಗೊತ್ತು, ನೀರು ಅರ್ಧ ದಾರಿಯಲ್ಲೇ ಒಡೆದು ಹನಿಯಾಗಿ, ಹನಿ ಹೊಗೆಯಂತಾಗಿ ಗಾಳಿ ಬೀಸಿದತ್ತ ಹೋಗುತ್ತದೆ. ಹನಿ ಸಣ್ಣದಾದಷ್ಟೂ ಗಾಳಿಯ ತಡೆ ಅದನ್ನು ಬೇಗ ಹಿಡಿದು ನಿಲ್ಲಿಸುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ‘ಗಾಳಿಯ ತಡೆಯನ್ನು ಕಡೆಗಣಿಸಿ’ ಅಂತ ಬರೆಯುವುದು ಇದಕ್ಕೇ. ಬರೆದಿಲ್ಲದಿದ್ದರೂ ಪಿಯುಸಿ ಮಟ್ಟದಲ್ಲಿ ಹಾಗೆಂದೇ ಇಟ್ಟುಕೊಳ್ಳಿ.

ಕೊನೆಗೆ ನಿಮ್ಮ ಮೆಟ್ಟಿಲು. 4.08ಕ್ಕೆ 4 ಅಂತ ಬರೆದದ್ದು ಯಾಕೆ ತಪ್ಪು ಅನ್ನುವುದು ಸೂತ್ರ ನೋಡುತ್ತಾ ಕೂತರೆ ತಿಳಿಯುವುದಿಲ್ಲ. ಚೆಂಡಿನ ಜೊತೆಯಲ್ಲೇ ಇಳಿಯೋಣ. ನಾಲ್ಕನೇ ಮೆಟ್ಟಿಲಿನ ಹೊರ ಅಂಚು, ಚೆಂಡು ಹೊರಟ ಜಾಗದಿಂದ ಅಡ್ಡಕ್ಕೆ 4 × 0.3 = 1.2 ಮೀಟರ್ ದೂರದಲ್ಲಿದೆ, ಕೆಳಕ್ಕೆ 4 × 0.2 = 0.8 ಮೀಟರ್. ಚೆಂಡು 1.2 ಮೀಟರ್ ಅಡ್ಡಕ್ಕೆ ಹೋಗಲು ಬೇಕಾದ ಸಮಯ 1.2 ÷ 3 = 0.4 ಸೆಕೆಂಡ್. ಅಷ್ಟರಲ್ಲಿ ಅದು ಬೀಳುವುದು 4.9 × 0.16 = 0.784 ಮೀಟರ್. ಮೆಟ್ಟಿಲು ಇರುವುದು 0.8 ಮೀಟರ್ ಕೆಳಗೆ. ಅಂದರೆ ನಾಲ್ಕನೇ ಮೆಟ್ಟಿಲಿನ ಅಂಚು ದಾಟುವಾಗ ಚೆಂಡು ಅದಕ್ಕಿಂತ 1.6 ಸೆಂ.ಮೀ ಮೇಲೆ ಇದೆ. ತಾಗಲಿಲ್ಲ, ದಾಟಿತು.

ಐದನೆಯದಕ್ಕೆ ಹೋಗಿ. ಅದು 1 ಮೀಟರ್ ಕೆಳಗಿದೆ. 1 ÷ 4.9ರ ವರ್ಗಮೂಲ 0.452 ಸೆಕೆಂಡ್. ಅಷ್ಟರಲ್ಲಿ ಅಡ್ಡಕ್ಕೆ 3 × 0.452 = 1.36 ಮೀಟರ್. ಐದನೇ ಮೆಟ್ಟಿಲು ಹರಡಿರುವುದು 1.2ರಿಂದ 1.5 ಮೀಟರ್ ತನಕ. ಚೆಂಡು ಸರಿಯಾಗಿ ಅದರ ನಡುಮಧ್ಯದ ಹತ್ತಿರ ಬಿತ್ತು.

ನಿಮ್ಮ 4.08 ಹೇಳುತ್ತಿರುವುದು ಇದನ್ನೇ. ಮೆಟ್ಟಿಲುಗಳ ಅಂಚುಗಳನ್ನೆಲ್ಲ ಸೇರಿಸಿ ಒಂದು ಇಳಿಜಾರು ಹಲಗೆ ಇಟ್ಟಿದ್ದರೆ ಚೆಂಡು 4.08 ಮೆಟ್ಟಿಲಿನಷ್ಟು ಇಳಿದ ಮೇಲೆ ಹಲಗೆಗೆ ಬಡಿಯುತ್ತಿತ್ತು. ನಾಲ್ಕನೇ ಅಂಚು ದಾಟಿಯಾಗಿದೆ ಅಂದ ಮೇಲೆ ಬೀಳುವುದು ಐದನೆಯದರ ಮೇಲೇ. ಹಾಗಾಗಿ ಈ ಲೆಕ್ಕದಲ್ಲಿ ದಶಮಾಂಶ ಎಷ್ಟೇ ಚಿಕ್ಕದಿದ್ದರೂ ಮುಂದಿನ ಪೂರ್ಣಸಂಖ್ಯೆಗೇ ಏರಿಸಬೇಕು. ಸರಿಯಾಗಿ 4 ಬಂದಿದ್ದರೆ ಮಾತ್ರ ಚೆಂಡು ನಾಲ್ಕನೆಯದರ ತುತ್ತತುದಿಗೆ ತಾಗುತ್ತಿತ್ತು. ಪುಸ್ತಕದ ಚೆಂಡು ಬರೀ ಒಂದು ಚುಕ್ಕೆ ಅನ್ನುವುದೂ ನೆನಪಿರಲಿ. ಕ್ರಿಕೆಟ್ ಚೆಂಡಿನ ವ್ಯಾಸ 7 ಸೆಂ.ಮೀ ಮೇಲಿದೆ. ಅದರ ನಡುಬಿಂದು ಅಂಚಿಗಿಂತ ಬರೀ 1.6 ಸೆಂ.ಮೀ ಮೇಲೆ ಹೋದರೆ ಚೆಂಡು ಅಂಚಿಗೆ ಬಡಿಯದೆ ಇರುವುದಿಲ್ಲ.

ಅಭ್ಯಾಸಕ್ಕೆ ಒಂದು: ಅದೇ ಮೆಟ್ಟಿಲು, ಚೆಂಡಿನ ವೇಗ ಮಾತ್ರ 2.9 ಮೀ/ಸೆ. ಸೂತ್ರ ಹಾಕದೆ, ಮೊದಲು ಮೂರನೇ ಅಂಚು, ಆಮೇಲೆ ನಾಲ್ಕನೆಯದು ಅಂತ ಒಂದೊಂದಾಗಿ ನೋಡಿ. ಈ ಸಲ ಉತ್ತರ 4 ಬರುತ್ತದೆ.